ಗೋಪಿನಾಥಂನ ಸೊನ್ನೆ: ಗಂಟುಶಾಸ್ತ್ರಕ್ಕೊಂದು ಪೀಠಿಕೆ

ಬಳಸುವವರೇ ಕಟ್ಟಿ ತಂದು ಒಪ್ಪಿಸುವ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ನಿಭಾಯಿಸುವ ವಿದ್ಯೆಯನ್ನು ಈ ಪ್ರಬಂಧ ಗಂಟುಶಾಸ್ತ್ರ ಎಂದು ಕರೆಯುತ್ತದೆ. ಗಂಟು ಎಂದರೆ ಕಟ್ಟು, ಗಂಟು ಎಂದರೆ ಸಿಕ್ಕು, ಗಂಟು ಎಂದರೆ ಹಣ. ಮೊದಲ ಎರಡು ಅರ್ಥಗಳು ಈ ವಿದ್ಯೆಗೆ ಪೂರ್ತಿ ಹೊಂದುತ್ತವೆ, ಮೂರನೆಯದು ಯಾರ ಕೈಗೂ ಹತ್ತಿದಂತಿಲ್ಲ. ಇದು ಪರದೇಶದಲ್ಲಿ ಹುಟ್ಟಿತೆಂಬುದು ಪ್ರಚಲಿತ ಭ್ರಮೆ. ಇದರ ಮೂಲ ಹನೂರು ತಾಲ್ಲೂಕಿನ ಗೋಪಿನಾಥಂ ಸೀಮೆ ಎಂದು ಇಲ್ಲಿ ಸಾಧಿಸಲಾಗುವುದು. ಊರಿನ ಹೆಸರು ಕೇಳಿದೊಡನೆ ಓದುಗರಿಗೆ ಒಂದು ಮೀಸೆ ನೆನಪಾಗುತ್ತದೆ. ಮೀಸೆಯ ಬಗ್ಗೆ ಸಾಕಷ್ಟು ಸಂಶೋಧನೆ ಆಗಿರುವುದರಿಂದ ಆ ಕಡೆ ಹೋಗುವುದಿಲ್ಲ.

ಹೋಲಿಕೆಗೆ ಹೈಕು ಎಂಬ ಆಪರೇಟಿಂಗ್ ಸಿಸ್ಟಂ ಅನ್ನು ಆರಿಸಿಕೊಂಡಿದೆ. ಬಿಓಎಸ್ ಎಂಬ ಹಳೆಯ ವ್ಯವಸ್ಥೆಯನ್ನು ಮಾಡಿದ ಕಂಪನಿ ಮುಳುಗಿದಾಗ ಅದರ ಭಕ್ತರು 2001ರಲ್ಲಿ ಅದನ್ನೇ ಮೊದಲಿಂದ ಬರೆಯಲು ಕೂತರು. 2004ರಲ್ಲಿ ಪುಟ್ಟ ಜಪಾನಿ ಪದ್ಯದ ಹೆಸರಿಟ್ಟರು. ಮೊದಲ ಬೀಟಾ ಹೊರಬರಲು 2018 ಆಯಿತು. ಮೂರು ಸಾಲಿನ ಪದ್ಯವನ್ನು ಇಷ್ಟು ವರ್ಷ ತಿದ್ದಿದ ಉದಾಹರಣೆ ನವ್ಯರಲ್ಲೂ ಇಲ್ಲ. ಬಳಸುವವರು ಕಡಿಮೆ, ಆದ್ದರಿಂದ ಬೇಕಾದ ಬಹುಪಾಲು ತಂತ್ರಾಂಶವನ್ನು ಬಳಸುವವರೇ ಬೇರೆ ಕಡೆಯಿಂದ ತಂದು, ಇಲ್ಲಿಗೆ ಕೂರುವಂತೆ ಕೆತ್ತಿ, ಹೈಕುಪೋರ್ಟ್ಸ್ ಎಂಬ ಉಗ್ರಾಣಕ್ಕೆ ಒಪ್ಪಿಸುತ್ತಾರೆ. ಒಪ್ಪಿಸುವುದು ಗಂಟನ್ನಲ್ಲ, ಗಂಟು ಕಟ್ಟುವ ವಿಧಾನವನ್ನು. ಆ ಕಡತದ ಹೆಸರೇ ರೆಸಿಪಿ. ಮೂಲ ಎಲ್ಲಿಂದ ತರಬೇಕು, ತಂದದ್ದು ಅದೇ ಹೌದೋ ಎಂದು ತಾಳೆ ನೋಡಲು ಮಾರುದ್ದದ ಸಂಖ್ಯೆ, ‘ರಿಕ್ವೈರ್ಸ್’ ಎಂಬಲ್ಲಿ ಇದಕ್ಕೆ ಬೇಕಾದದ್ದು, ‘ಪ್ರೊವೈಡ್ಸ್’ ಎಂಬಲ್ಲಿ ಇದರಿಂದ ಸಿಗುವುದು, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಯಂತ್ರದ ಜಾತಿಯ ಹಿಂದೆ ಪ್ರಶ್ನೆಚಿಹ್ನೆ ಇದ್ದರೆ ಪರೀಕ್ಷಿಸಿಲ್ಲ ಎಂದರ್ಥ. ಆಶ್ಚರ್ಯಚಿಹ್ನೆ ಇದ್ದರೆ ಕೆಲಸ ಮಾಡುವುದಿಲ್ಲ ಎಂದರ್ಥ. ಈ ಎರಡು ಚಿಹ್ನೆಗಳನ್ನು ಪಿಎಚ್‌ಡಿ ಪ್ರಬಂಧಗಳ ಮುಖಪುಟಕ್ಕೂ ವಿಸ್ತರಿಸಬಹುದಿತ್ತು.

ಈಗ ಮಲೆ ಮಾದೇಶ್ವರನ ಕಾವ್ಯವನ್ನು ನೋಡಿ. ಕಂಸಾಳೆ ಹಿಡಿದ ದೇವರಗುಡ್ಡರು ಅದನ್ನು ಇಡಿಯಾಗಿ ಹೊತ್ತು ತಿರುಗುವುದಿಲ್ಲ. ಅದು ಸಾಲು ಸಾಲಾಗಿ ಬಿಡಿಸಿಟ್ಟ ಗಂಟು. ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು, ಹೀಗೆ. ಕರೆಸಿದವರಿಗೆ ಯಾವುದು ಬೇಕೋ ಅಷ್ಟನ್ನೇ ಬಿಚ್ಚುತ್ತಾರೆ. ಹಾಡುಗಾರನ ತಲೆಯಲ್ಲಿ ಇರುವುದು ಪಠ್ಯವಲ್ಲ, ರೆಸಿಪಿ. ಕಥೆಯ ಎಲುಬು, ಹಿಮ್ಮೇಳ ಸೊಲ್ಲು ಹಿಡಿಯುವ ಜಾಗ, ಎಲ್ಲಿ ಎಳೆಯಬೇಕು ಎಲ್ಲಿ ಓಡಿಸಬೇಕು ಎಂಬ ಲೆಕ್ಕ. ಉಳಿದದ್ದನ್ನು ಆ ರಾತ್ರಿ ಆ ಅಂಗಳದಲ್ಲೇ ಕಟ್ಟುತ್ತಾನೆ. ಸಂಕಮ್ಮನ ಸಾಲನ್ನು ಹೈಕುವಿನ ಕ್ರಮದಲ್ಲಿ ಬರೆದರೆ, ರಿಕ್ವೈರ್ಸ್: ಸೋಲಿಗರ ನೀಲೇಗೌಡ, ಜೇನು, ಕಾಡಿನ ಗುಡಿಸಲು. ಪ್ರೊವೈಡ್ಸ್: ಮಕ್ಕಳಾದ ಕಾರಯ್ಯ, ಬಿಲ್ಲಯ್ಯ. ಅವಲಂಬನೆ ಇಷ್ಟು ಸ್ಪಷ್ಟವಾಗಿರುವ ಕಡತ ಹೈಕುಪೋರ್ಟ್ಸ್‌ನಲ್ಲೂ ಅಪರೂಪ. ಕವಲೊಡೆಯುವುದಕ್ಕೂ ಪುರಾವೆ ಉಂಟು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಪ್ರಕಟಿಸಿದ ಪಠ್ಯ ಒಂದು, ಕೇಶವನ್ ಪ್ರಸಾದ್ ಅವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದದ್ದು ಇನ್ನೊಂದು; ದೇವರು ಒಬ್ಬನೇ, ಹಾಡಿದವರು ಬೇರೆ, ಪಠ್ಯ ಬೇರೆ. ಯಾವುದು ಮೂಲ ಎಂದು ವಿದ್ವಾಂಸರು ಕೇಳಬಹುದು. ಹಾಡುವವರು ಕೇಳಿಕೊಂಡಂತೆ ಕಾಣುವುದಿಲ್ಲ.

ಇದರಲ್ಲಿ ಗೋಪಿನಾಥಂ ಎಲ್ಲಿ ಬಂತು ಎಂಬುದು ಪೂರ್ವಪಕ್ಷ. ಮಾದೇಶ್ವರ ಬೆಟ್ಟದಿಂದ ಪಾಲಾರ್ ಕಡೆ ಇಳಿದು ಹೊಗೆನಕಲ್ ದಾರಿ ಹಿಡಿದರೆ ಸಿಗುವ ಈ ಊರಿನ ಹೆಸರಲ್ಲೇ ಉತ್ತರವಿದೆ. ಮೂಲ ಪ್ಯಾಕೇಜು ಗೋಪಿನಾಥ. ತಮಿಳಿನ ಬಾಯಿಗೆ ಕೂರುವಂತೆ ಅದಕ್ಕೆ ಹಚ್ಚಿದ ತೇಪೆ ಒಂದು ಸೊನ್ನೆ, ಅಷ್ಟೆ. ಪರಭಾಷೆಯ ಯಂತ್ರಕ್ಕೆ ಹೊಂದಿಸಲು ಇದಕ್ಕಿಂತ ಚಿಕ್ಕ ಪ್ಯಾಚ್ ಗಂಟುಶಾಸ್ತ್ರದಲ್ಲಿ ಸಾಧ್ಯವಿಲ್ಲ. ಗಡಿಯಾಚೆಯವರು ಮಾದೇಶ್ವರ ಬೆಟ್ಟವನ್ನು ಮಾದೇಶ್ವರನ್ ಮಲೈ ಎಂದಾಗಲೂ ಇಷ್ಟು ಮಿತವ್ಯಯ ಕಾಣದು. ಉಗ್ರಾಣ ಬದಲಿಸಿದ ದಾಖಲೆಯೂ ಇದೆ. ಈ ಊರಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು, ಆಮೇಲೆ ಹನೂರು ಬೇರೆ ತಾಲ್ಲೂಕಾಯಿತು. ಇಷ್ಟು ಸಲ ನಿರ್ವಾಹಕರು ಬದಲಾದರೂ ಊರು ಒಂದು ಗೇಣೂ ಕದಲಲಿಲ್ಲ, ಸೊನ್ನೆಯೂ ಉದುರಲಿಲ್ಲ. ವಿಳಾಸ ಬದಲಾದ ಮಾತ್ರಕ್ಕೆ ಗಂಟನ್ನು ಮತ್ತೆ ಕಟ್ಟಬೇಕಿಲ್ಲ ಎಂಬ ತತ್ವ ಇಲ್ಲಿಂದಲೇ ಹೊರಟಿರಬೇಕು. ಹರಿಗೋಲಿನಲ್ಲಿ ಹೊರಟಿತೆಂದು ಊಹಿಸಲು ಅಡ್ಡಿಯಿಲ್ಲ.

ಗಟ್ಟಿ ಆಕ್ಷೇಪ ಬೇರೆಯೇ ಇದೆ. ಯಾರು ಬೇಕಾದರೂ ಗಂಟು ತರಬಹುದಾದರೆ ಒಳಗೆ ಹಾವಿಲ್ಲ ಎಂದು ಹೇಳುವವರು ಯಾರು? ಇದು ಕುಚೋದ್ಯದ ಪ್ರಶ್ನೆಯಲ್ಲ. ಆರ್ಚ್ ಲಿನಕ್ಸ್‌ನ ಬಳಕೆದಾರರ ಉಗ್ರಾಣದಲ್ಲಿ 2018ರ ಜುಲೈನಲ್ಲಿ, ನೋಡಿಕೊಳ್ಳುವವರಿಲ್ಲದೆ ಬಿದ್ದಿದ್ದ ಅನಾಥ ಪ್ಯಾಕೇಜೊಂದನ್ನು ಯಾರೋ ದತ್ತು ತೆಗೆದುಕೊಂಡು ಅದರೊಳಗೆ ಕೇಡಿನ ಸಾಲುಗಳನ್ನು ತುರುಕಿದರು. ದತ್ತು ನಿಯಮಬದ್ಧವಾಗಿಯೇ ನಡೆದಿತ್ತು, ಕೆಟ್ಟದ್ದು ಮಗುವಲ್ಲ, ತಂದೆ. ಹಾಗಾದರೆ ಪ್ರತಿಯೊಬ್ಬರಿಂದ ಸಹಿ ಪಡೆಯಿರಿ, ಆಣೆ ಮಾಡಿಸಿ ಎನ್ನುವ ಪಂಥವಿದೆ. ಈ ಪಂಥದ ಆದಿಪುರುಷ ನೀಲೇಗೌಡ. ಜೇನಿಗೆ ಹೊರಟವನು ಹೆಂಡತಿ ಸಂಕಮ್ಮನ ಬಲಗೈ ಭಾಷೆ ಕೇಳಿದ. ಡಿಜಿಟಲ್ ಸಿಗ್ನೇಚರ್‌ನ ಪ್ರಥಮ ಉಲ್ಲೇಖ ಇದೇ ಇರಬೇಕು, ಬೆರಳಂತೂ ಇದೆ. ಅವಳು ಕೊಡಲಿಲ್ಲ. ಅವನು ಗುಡಿಸಲಲ್ಲಿ ಕೂಡಿಹಾಕಿ ಹೋದ. ತಜ್ಞರು ಈಗ ಇದನ್ನು ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ. ಕಾವ್ಯ ಸಂಕಮ್ಮನ ಕಡೆ ನಿಂತಿತೆಂಬುದು ಕೇಳಿದವರಿಗೆಲ್ಲ ಗೊತ್ತು. ಆಣೆಯಿಂದ ತಿಳಿಯುವುದು ಕೈ ಯಾರದೆಂದು ಮಾತ್ರ, ಮನಸ್ಸಿನಲ್ಲಿ ಏನಿದೆ ಎಂಬುದು ಅದರಲ್ಲಿ ಕಾಣದು. ಗಂಟನ್ನು ಕಾಯುವುದು ಅದನ್ನು ಮೊದಲೇ ಬಲ್ಲ ಕಿವಿ. ಜುಂಜೇಗೌಡನ ಸಾಲಿನಲ್ಲಿ ಕುರಿ ಮರೆತರೆ ಹಿಮ್ಮೇಳದವನ ಸೊಲ್ಲು ಸಡಿಲಾಗುತ್ತದೆ, ಕೂತ ಮುದುಕಿ ಕೆಮ್ಮುತ್ತಾಳೆ. ಹೈಕುವಿನಲ್ಲೂ ರೆಸಿಪಿ ಉಗ್ರಾಣಕ್ಕೆ ಸೇರುವ ಮೊದಲು ಇನ್ನೊಬ್ಬರು ಓದಿ ಕೆಮ್ಮಬೇಕು. ಬಳಸುವವರು ಕಡಿಮೆ ಇರುವುದು ಇಲ್ಲಿ ಲಾಭವೇ ಎಂದು ವಾದಿಸಬಹುದು: ಸಣ್ಣ ಅಂಗಳದಲ್ಲಿ ಕೆಮ್ಮು ಕೇಳಿಸುತ್ತದೆ. ಕೆಮ್ಮುವ ಮುದುಕಿಯೇ ಇಲ್ಲದ ರಾತ್ರಿ ಏನು ಗತಿ ಎಂದರೆ, ಅನಾಥ ಪ್ಯಾಕೇಜಿನ ಗತಿಯೇ. ಇಷ್ಟನ್ನು ಒಪ್ಪಿಕೊಂಡರೆ ಸಿದ್ಧಾಂತಕ್ಕೆ ಭಂಗವಿಲ್ಲ.

ಕೊನೆಗೆ ಉಳಿಯುವ ತಕರಾರು ಗಣಿತದ್ದು. ಕಂಪ್ಯೂಟರಿಗೆ ಬೇಕಾದ ಅಂಕಿ ಎರಡು. ಗೋಪಿನಾಥಂ ಕೊಟ್ಟದ್ದು ಸೊನ್ನೆ ಮಾತ್ರ, ಒಂದು ಎಲ್ಲಿ? ಅದು ಮಾದೇಶ್ವರನ ಕೈಯಲ್ಲೇ ಇದೆ, ನಾಗಬೆತ್ತ. ನೆಟ್ಟಗೆ ಹಿಡಿದರೆ ಒಂದು. ಕನ್ನಡದ ೧ ಡೊಂಕಲ್ಲವೇ ಎನ್ನುವವರಿಗೂ, ಅಡ್ಡ ಹಿಡಿದರೆ ಮೈನಸ್ ಆಗುತ್ತದಲ್ಲ ಎನ್ನುವವರಿಗೂ ಎರಡನೆಯ ಸಂಪುಟದಲ್ಲಿ ಉತ್ತರಿಸಲಾಗುವುದು. ಸದ್ಯಕ್ಕೆ ಆ ಸಂಪುಟದ ಹೆಸರಿನ ಹಿಂದೆ ಪ್ರಶ್ನೆಚಿಹ್ನೆ ಇದೆ.