ತಗಡಿನ ಶೆಡ್ಡಿಗೂ ಬುನಾದಿ ಬೇಕಂತೆ!

ಚಿಂತಾಕಿಯ ಹಿತ್ತಲಲ್ಲಿ ತಗಡಿನ ಶೆಡ್ಡು ಎಬ್ಬಿಸುವುದು ಸುಲಭ. ನಾಲ್ಕು ಆಂಗಲ್, ಒಂದಿಷ್ಟು ತಗಡು, ವೆಲ್ಡಿಂಗಿನವನ ಕೃಪೆ. ಕಷ್ಟವೆಲ್ಲ ಬುನಾದಿಯದು. ಔರಾದ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಸಿಟ್ಟಿಗೆದ್ದು ಬಿರಿಯುತ್ತದೆ. ಅದರ ಮೇಲೆ ಬರೀ ಫರ್ಸಿ ಹಾಸಿದರೆ ಆಷಾಢದಲ್ಲಿ ಬಾಗಿಲು ಮುಚ್ಚದು, ಚೈತ್ರದಲ್ಲಿ ತೆರೆಯದು.

“ಎರೆ ತೆಗೆದು ಮುರುಮು ತುಂಬ್ರಿ, ಧಮ್ಮಸ್ಸು ಹೊಡೀರಿ.”

“ತಗಡಿಗಿಂತ ಮುರುಮೇ ತುಟ್ಟಿ ಆಯ್ತಲ್ರೀ ಗೌಂಡಿ ಕಾಕಾ!”

“ಹಂಗಾದ್ರ ಬೀದರಿಗೆ ಹೋಗಿ ಕಟ್ರಿ.”

ನಿಜವೇ. ಬೀದರ ಕೋಟೆ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕಂದಕವನ್ನೂ ಅದರಲ್ಲೇ ಕೊರೆದಿದ್ದಾರೆ. ಆದರೆ ಸುಲ್ತಾನರು ಅಲ್ಲಿ ತೋಪು ಇಟ್ಟರು. ನಾವಿಡುವುದು ತೊಗರಿ ಚೀಲ, ಪಂಕ್ಚರಾದ ಸೈಕಲ್ಲು, ಮದುವೆಯಲ್ಲಿ ಬಂದ ಕೂಲರು.

ಆಂಗಲ್ ಕಾಲುಗಳನ್ನಾದರೂ ಕಾಂಕ್ರೀಟಿನಲ್ಲಿ ಹೂಳಿರಿ. ಇಲ್ಲದಿದ್ದರೆ ಬಿರುಗಾಳಿಯ ಮರುದಿನ ತಗಡು ಹುಡುಕಲು ತೆಲಂಗಾಣದ ಗಡಿ ದಾಟಬೇಕಾದೀತು.