ಗಾಳಿ, ನೀರು ಮತ್ತು ಒಂದಿಷ್ಟು ಸೌದೆ

ಸೌದೆ ಬೇಕೆಂದು ಟ್ರೇಲರ್ ಕಟ್ಟುತ್ತಾರೆ ಎಂಬುದು ಹೊರಗಿನವರ ತಿಳಿವಳಿಕೆ. ಟ್ರೇಲರ್ ಖಾಲಿ ನಿಂತಿದೆ ಎಂಬ ಕಾರಣಕ್ಕೇ ಸೌದೆ ಬೇಕಾಗುತ್ತದೆ ಎಂಬುದು ನನ್ನ ವಾದ. ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ ಕಡೆಯ ಯಾವ ಮಣ್ಣುರಸ್ತೆಯ ಬದಿಗೆ ನಿಂತರೂ ಇದಕ್ಕೆ ಪುರಾವೆ ತಾನಾಗಿ ಬರುತ್ತದೆ. ಶಿವರಾತ್ರಿ ಕಳೆದು ಮೊದಲ ಗುಡುಗು ಕೇಳುವವರೆಗಿನ ದಿನಗಳಲ್ಲಂತೂ ಅದು ಟಕಟಕ ಸದ್ದು ಮಾಡುತ್ತಲೇ ಬರುತ್ತದೆ. ಮುಂದೆ ಹನ್ನೆರಡು–ಹದಿಮೂರು ಅಶ್ವಶಕ್ತಿಯ ಟಿಲ್ಲರ್, ಹಿಂದೆ ಎರಡು ಚಕ್ರದ ಟ್ರೇಲರ್, ಅದರ ಮೇಲೆ ಒಂದು ಗುಡ್ಡ. ಈ ಯಂತ್ರವನ್ನು ಕೊಂಡದ್ದು ಗದ್ದೆ ಉಳಲೆಂದು. ಗದ್ದೆ ಅಡಿಕೆ ತೋಟವಾಯಿತು, ಉಳುವ ಹಲ್ಲುಗಳು ಕೊಟ್ಟಿಗೆಯ ಮೂಲೆ ಸೇರಿ ತುಕ್ಕು ಹಿಡಿದವು. ಮಗ ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಸಹಿಸುವ ಯಜಮಾನನಿಗೆ ಟಿಲ್ಲರ್ ಕೂತರೆ ನಿದ್ದೆ ಹತ್ತುವುದಿಲ್ಲ. ಹಾಗಾಗಿ ಬೆಟ್ಟದಲ್ಲಿ ಗಾಳಿಗೆ ಬಿದ್ದ ಮತ್ತಿ ಮರವೋ, ಹಿತ್ತಲಂಚಿನ ಅಕೇಶಿಯಾವೋ, ಸವರಿದ ಸಿಲ್ವರ್ ಓಕ್ ಕೊಂಬೆಯೋ ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಇದನ್ನೆಲ್ಲ ಟ್ರೇಲರ್ ವಿರೋಧಿಯಾಗಿ ಹೇಳುತ್ತಿಲ್ಲ. ತುಂಬಿದ ಟ್ರೇಲರ್ ಕಂಡರೆ ನನಗೂ ಎದೆ ಉಬ್ಬುತ್ತದೆ, ಅದು ಇನ್ನೊಬ್ಬರದ್ದಾದರೂ ಸರಿ. ಕೂಡಲೇ ‘ಇನ್ನೂ ಎರಡು ಕುಂಟೆ ಹಿಡಿಯುತ್ತಿತ್ತಲ್ಲ’ ಎಂದೂ ಅನ್ನಿಸುತ್ತದೆ. ಹೇಳಿಕೊಳ್ಳಲು ತುಸು ನಾಚಿಕೆಯೇ. ಆದರೆ ಪಕ್ಷಪಾತವನ್ನು ಮೊದಲೇ ಒಪ್ಪಿಕೊಂಡವನ ಲೆಕ್ಕವನ್ನು ಜನ ಸ್ವಲ್ಪ ನಂಬುತ್ತಾರೆ.

ಲೆಕ್ಕಕ್ಕೇ ಬರೋಣ. ನಮ್ಮಲ್ಲಿ ಸೌದೆಯನ್ನು ತೂಗುವ ಪದ್ಧತಿಯಿಲ್ಲ. ಕೊಡುವುದೂ ಕೊಳ್ಳುವುದೂ ಲೋಡಿನಲ್ಲೇ. ಲೋಡು ಎಂದರೆ ಟ್ರೇಲರಿನ ಉದ್ದ, ಟ್ರೇಲರಿನ ಅಗಲ, ತುಂಬಿದವನ ಆತ್ಮಸಾಕ್ಷಿಯ ಎತ್ತರ. ಕುಂಟೆಗಳನ್ನು ಎಷ್ಟು ಒಪ್ಪವಾಗಿ ಒಟ್ಟಿದರೂ ಸುಮಾರು ಮೂರರಲ್ಲಿ ಒಂದು ಪಾಲು ಗಾಳಿ. ಎಸೆದು ತುಂಬಿದರೆ ಅರ್ಧಕ್ಕರ್ಧ ಗಾಳಿ. ಅಕೇಶಿಯಾದ ಸೊಟ್ಟ ಕೊಂಬೆಗಳು ಒಂದರ ಮೇಲೊಂದು ಮೊಣಕೈ ಊರಿ ಕೂತರಂತೂ ನಡುವೆ ಬೆಕ್ಕು ಮರಿ ಹಾಕುವಷ್ಟು ಜಾಗ ಉಳಿಯುತ್ತದೆ. ಮಾರಾಟಕ್ಕೆ ಹೊರಟ ಲೋಡಿನಲ್ಲಿ ಸೊಟ್ಟ ಕೊಂಬೆ ಹೆಚ್ಚು, ಮನೆಗೆ ಹೋಗುವ ಲೋಡಿನಲ್ಲಿ ನೇರ ಕುಂಟೆ ಹೆಚ್ಚು. ಇದಕ್ಕೆ ವಿವರಣೆ ಬೇಕಿಲ್ಲ. ಗಾಳಿಗೆ ತೂಕವಿಲ್ಲ, ಹೋಗಲಿ. ನೀರಿಗೆ ಇದೆ. ಆಗಷ್ಟೇ ಕಡಿದ ಹಸಿಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ಚೆನ್ನಾಗಿ ಒಣಗಿದ ಮೇಲೂ ಐದರಲ್ಲೊಂದು ಪಾಲು ಉಳಿದಿರುತ್ತದೆ. ಅಂದರೆ 1,000 ಕಿಲೋ ಹಸಿ ಕುಂಟೆ ಹೇರಿಕೊಂಡು ಬಂದರೆ ಅದು ಒಣಗಿದಾಗ ಸಿಕ್ಕುವುದು 625 ಕಿಲೋ ಸೌದೆ. ಉಳಿದ 375 ಕಿಲೋ ಬರೀ ನೀರು, 200 ಲೀಟರಿನ ಡ್ರಮ್ಮಿನಲ್ಲಿ ಸುಮಾರು ಎರಡು ಡ್ರಮ್ಮು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ, ಡೀಸೆಲ್ ಸುಟ್ಟು, ಬೆಲ್ಟು ಸವೆಸಿ, ಬೆಟ್ಟದಿಂದ ಮನೆಗೆ ಎರಡು ಡ್ರಮ್ಮು ನೀರು ತರುತ್ತೇವೆ. ಡ್ರಮ್ಮಿನಲ್ಲೇ ತಂದಿದ್ದರೆ ಊರವರು ನಕ್ಕಾರು. ತೊಗಟೆಯೊಳಗೆ ತುಂಬಿ ತಂದಿರುವುದರಿಂದ ‘ಈ ವರ್ಷ ಒಳ್ಳೆ ಸೌದೆ ಮಾಡ್ಕೊಂಡ್ರಿ’ ಎಂದು ಹೊಗಳುತ್ತಾರೆ.

ನೀರಿನ ಉಪದ್ರವ ದಾರಿಯಲ್ಲಿ ಮುಗಿಯುವುದೂ ಇಲ್ಲ. ಕುಂಟೆಯನ್ನು ಒಣಗಿಸದೆ ಬಚ್ಚಲ ಒಲೆಗೆ ನೂಕಿದರೆ ಬೆಂಕಿ ಮೊದಲು ಆ ನೀರನ್ನು ಆವಿ ಮಾಡಿ ಕಳಿಸಬೇಕು, ಆಮೇಲೆ ಹಂಡೆಯ ಕಡೆ ನೋಡಬೇಕು. ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡುವ ಶಾಖದಲ್ಲಿ 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಬಹುದು. 15 ಲೀಟರ್ ಎಂದರೆ ಒಂದು ಬಕೆಟ್ಟು, ಒಂದು ಸ್ನಾನ. ಕುಂಟೆಯೊಳಗಿನ ಒಂದೊಂದು ಲೀಟರೂ ಹೀಗೆ ಯಾರದ್ದೋ ಒಂದು ಬಕೆಟ್ಟನ್ನು ಕುಡಿದು ಹೋಗುತ್ತದೆ. ಒಂದು ಲೋಡಿಗೆ 375 ಬಕೆಟ್ಟು. ಮನೆಯಲ್ಲಿ ಕೊನೆಗೆ ಸ್ನಾನಕ್ಕೆ ಹೋಗುವವರಿಗೆ ಉಗುರುಬೆಚ್ಚಗಿನ ನೀರೇ ಏಕೆ ಸಿಗುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ. ಪರಿಹಾರವೂ ಸರಳ. ಮರ ಬಿದ್ದಲ್ಲೇ ತುಂಡು ಮಾಡಿ, ಸೀಳಿ, ಗಾಳಿಯಾಡುವಂತೆ ಒಟ್ಟಿ, ಬೇಸಿಗೆಯ ಬಿಸಿಲಿಗೆ ಬಿಟ್ಟು, ಒಣಗಿದ ಮೇಲೆ ತರುವುದು. ತೊಗಟೆ ನೀರನ್ನು ಹೊರಬಿಡದು, ಸೀಳಿದ ಮೈ ಬಿಡುತ್ತದೆ. ನೀರನ್ನು ಸೂರ್ಯ ಬಿಟ್ಟಿ ಒಯ್ಯುತ್ತಾನೆ, ಬಾಡಿಗೆ ಕೇಳುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಗೊತ್ತಿರುವವೇ. ಬೆಟ್ಟದಲ್ಲಿ ಒಟ್ಟಿಟ್ಟರೆ ಕದಿಯುತ್ತಾರೆ ಎಂಬುದು ಮೊದಲನೆಯದು. ಕದಿಯುವವನಿಗೂ ಟಿಲ್ಲರ್ ಬೇಕು, ಟಿಲ್ಲರಿನ ಸದ್ದು ಮೂರು ಕೇರಿಗೆ ಕೇಳುತ್ತದೆ, ಯಾವ ಸದ್ದು ಯಾರ ಮನೆಯದು ಎಂದು ಊರಿನ ಮಕ್ಕಳಿಗೂ ಗೊತ್ತು. ಇಷ್ಟು ಗದ್ದಲದಲ್ಲಿ ನಡೆಯುವ ಕಳ್ಳತನ ಇನ್ನೊಂದಿರಲಾರದು. ಎರಡನೆಯದು, ಸೀಳುವ ಕೆಲಸ ಮನೆಯಂಗಳದಲ್ಲೇ ಅನುಕೂಲ ಎಂಬುದು. ಮರ ಹಸಿಯಿದ್ದಾಗಲೇ ಸುಲಭವಾಗಿ ಸೀಳುತ್ತದೆ, ಒಣಗಿದ ಜಂಬೆಗೆ ಕೊಡಲಿ ಹಾಕಿದವರ ಭುಜವನ್ನು ಕೇಳಿ ನೋಡಿ. ಅಂಗಳಕ್ಕೆ ಬಂದ ಕುಂಟೆ ‘ನಾಳೆ ಸೀಳಿದರಾಯಿತು’ ಎಂಬ ಮಾತಿನ ಮೇಲೆ ಮುಂದಿನ ಯುಗಾದಿಯವರೆಗೂ ಕೂತಿರುತ್ತದೆ. ಮನೆಯವರು ಅದರ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ಮೂರನೆಯ ಆಕ್ಷೇಪ, ಮಳೆ ಬಂದರೇನು ಗತಿ ಎಂಬುದು. ಮಳೆ ಬರುವುದು ಜೂನಿನಲ್ಲಿ ಎಂದು ಡಿಸೆಂಬರಿನಲ್ಲೇ ಗೊತ್ತಿರುತ್ತದೆ. ಈ ಮೂರೂ ನೆಪಗಳು. ನಿಜವಾದ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳಬೇಕು: ಒಣಗಿಸಿ ತಂದರೆ ಲೋಡುಗಳು ಕಡಿಮೆಯಾಗುತ್ತವೆ. ಲೋಡು ಕಡಿಮೆಯಾದರೆ ಟಿಲ್ಲರ್ ಓಡಿಸುವ ಸುಖವೂ ಕಡಿಮೆಯಾಗುತ್ತದೆ.

ಆ ಸುಖವನ್ನು ಕಡೆಗಣಿಸಿ ಯಾವ ಅರ್ಥಶಾಸ್ತ್ರವೂ ಇಲ್ಲಿ ನಿಲ್ಲದು. ಟಿಲ್ಲರಿಗೆ ಸ್ಟಿಯರಿಂಗ್ ಚಕ್ರವಿಲ್ಲ. ಎರಡು ಉದ್ದನೆಯ ಹಿಡಿಗಳು, ಒಂದೊಂದರ ಕೆಳಗೂ ಒಂದೊಂದು ಕ್ಲಚ್ಚು. ಸಮನೆಲದಲ್ಲಿ ಎಡ ಕ್ಲಚ್ಚು ಹಿಡಿದರೆ ಎಡಚಕ್ರಕ್ಕೆ ಎಂಜಿನ್ನಿನ ಸಂಬಂಧ ಕಡಿದು ಅದು ಹಿಂದುಳಿಯುತ್ತದೆ, ಬಲಚಕ್ರ ಮುಂದೆ ನುಗ್ಗುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇಲ್ಲಿಯವರೆಗೆ ಲೋಕ ಸರಿಯಾಗಿದೆ. ತುಂಬಿದ ಲೋಡಿನೊಂದಿಗೆ ಇಳಿಜಾರಿಗೆ ಬಂದಿರೋ, ಧರ್ಮಗ್ರಂಥ ಬದಲಾಗುತ್ತದೆ. ಅಲ್ಲಿ ಎಂಜಿನ್ ಎಳೆಯುತ್ತಿಲ್ಲ, ಹಿಂದಿನಿಂದ ನೂಕುತ್ತಿರುವ ಲೋಡನ್ನು ತಡೆದು ಹಿಡಿದಿದೆ. ಎಡ ಕ್ಲಚ್ಚು ಹಿಡಿದ ಗಳಿಗೆಯಲ್ಲಿ ಎಡಚಕ್ರದ ಹಿಡಿತ ತಪ್ಪಿ ಅದೇ ಮುಂದೋಡುತ್ತದೆ, ಬಲಚಕ್ರ ಹಿಂದುಳಿಯುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಸಮನೆಲದಲ್ಲಿ ಎಡವಾದದ್ದು ಇಳಿಜಾರಿನಲ್ಲಿ ಬಲ. ಹಾಗಾದರೆ ಸಮನೆಲ ಮುಗಿದು ಇಳಿಜಾರು ಶುರುವಾಗುವ ಆ ಒಂದು ಮಾರು ಜಾಗದಲ್ಲಿ ಎಡ ಯಾವುದು? ದ್ವೈತ, ಅದ್ವೈತ, ವಿಶಿಷ್ಟಾದ್ವೈತಗಳ ನಾಡಿನಲ್ಲಿ ಈ ಪ್ರಶ್ನೆಗೆ ಇನ್ನೂ ಭಾಷ್ಯ ಹುಟ್ಟದಿರುವುದು ಆಶ್ಚರ್ಯ. ಚಾಲಕ ಅಲ್ಲಿ ಕ್ಲಚ್ಚು ಹಿಡಿಯುವುದಿಲ್ಲ. ಹಿಡಿಗಳನ್ನು ತಬ್ಬಿಕೊಂಡು, ಇಡೀ ಮೈಯನ್ನು ಒಂದು ಪಕ್ಕಕ್ಕೆ ಎಸೆದು, ತಾನು ಎಣಿಸಿದ ಕಡೆಗೇ ಗಾಡಿಯೂ ಬರಲಿ ಎಂದು ಕುಲದೇವರಿಗೆ ಹರಕೆ ಹೊರುತ್ತಾನೆ. ಅಂಗಳ ಮುಟ್ಟಿದ ಮೇಲೆ ರಿವರ್ಸ್ ಪರ್ವ. ಟ್ರೇಲರ್ ಗಿಡ್ಡವಾದಷ್ಟೂ ಬೇಗ ಮಡಚಿಕೊಳ್ಳುತ್ತದೆ, ಇದಂತೂ ಬಹಳ ಗಿಡ್ಡ. ಸೌದೆ ಕೊಟ್ಟಿಗೆಯ ಬಾಗಿಲಿಗೆ ಹಿಂಬದಿಯನ್ನು ಗುರಿಯಿಟ್ಟು ನೂಕಿದರೆ ಅದು ತುಳಸಿಕಟ್ಟೆಯ ಕಡೆ ಭಕ್ತಿಯಿಂದ ಸರಿಯುತ್ತದೆ; ತುಳಸಿಕಟ್ಟೆಯಿಂದ ತಪ್ಪಿಸಿದರೆ ಒಣಹಾಕಿದ ಅಡಿಕೆಯ ಮೇಲೆ ಪ್ರೀತಿ ತೋರುತ್ತದೆ. ಆಗ ಸಲಹೆಗಾರರು ಹುಟ್ಟುತ್ತಾರೆ. ಜೀವಮಾನದಲ್ಲಿ ಒಮ್ಮೆಯೂ ಹಿಡಿ ಮುಟ್ಟದವರೇ ಹೆಚ್ಚು ಗಟ್ಟಿಯಾಗಿ ‘ಎಡಕ್ಕೊಡಿ, ಎಡಕ್ಕೆ!’ ಎನ್ನುತ್ತಾರೆ. ಅವರು ಗಾಡಿಗೆ ಎದುರಾಗಿ ನಿಂತಿರುವುದರಿಂದ ಅವರ ಎಡ ಚಾಲಕನ ಬಲ. ರಿವರ್ಸಿನಲ್ಲಿ ಹಿಡಿಯ ಎಡವೇ ಬೇರೆ, ಟ್ರೇಲರಿನ ಎಡವೇ ಬೇರೆ. ಮೂರು ಎಡಗಳ ನಡುವೆ ಸಿಕ್ಕಿಕೊಂಡವನಿಗೆ ಸಲಹೆಯ ಜೊತೆ ಎರಡು ಗುಲಗಂಜಿಯಷ್ಟು ಮೌನವನ್ನೂ ಕೊಡಬಾರದೇ? ಕೊಡುವುದಿಲ್ಲ. ಕಡೆಗೆ ಕೊಟ್ಟಿಗೆಯಿಂದ ನಾಲ್ಕು ಮಾರು ದೂರದಲ್ಲೇ ಟ್ರೇಲರ್ ನಿಲ್ಲಿಸಿ, ‘ಇಲ್ಲಿಂದ ಹೊತ್ತು ಹಾಕೋಣ, ಅದೇ ಒಳ್ಳೆಯದು’ ಎಂದು ಘೋಷಿಸಲಾಗುತ್ತದೆ. ಇದನ್ನು ಸೋಲೆಂದು ಯಾರೂ ಕರೆಯುವುದಿಲ್ಲ. ಮರುದಿನ ಬೆಳಗ್ಗೆ ಇನ್ನೊಂದು ಲೋಡಿಗೆ ಹೊರಡುವ ಉತ್ಸಾಹ ಹುಟ್ಟುವುದೂ ಇಲ್ಲಿಂದಲೇ.

‘ಇಲ್ಲಿಂದ ಹೊತ್ತು ಹಾಕೋಣ’ ಎಂದಾಗ ಹೊರುವವರು ಯಾರು ಎಂಬಲ್ಲಿ ನಗು ತುಸು ಬಿಗಿಯಾಗುತ್ತದೆ. ಟ್ರೇಲರ್ ಬರುವ ಮೊದಲು ಬೆಟ್ಟದಿಂದ ಸೌದೆ ಬರುತ್ತಿದ್ದುದು ಹೆಂಗಸರ ತಲೆಯ ಮೇಲೆ, ಸಿಂಬೆಯ ಮೇಲಿನ 20–25 ಕಿಲೋ ಹೊರೆಯಾಗಿ. ಅವರು ಹಸಿ ಕುಂಟೆ ತರುತ್ತಿರಲಿಲ್ಲ. ಒಣಗಿ ಬಿದ್ದ ಕೊಂಬೆ, ಪುರಳೆ, ಕೈಗೆತ್ತಿದಾಗ ಹಗುರ, ಮುರಿದರೆ ಚಟ್ಟೆನ್ನುವಂಥದ್ದನ್ನೇ ಆರಿಸುತ್ತಿದ್ದರು. ಸೌದೆಯಲ್ಲಿ ನೀರೆಷ್ಟಿದೆ ಎಂಬ ಲೆಕ್ಕವನ್ನು ನಾನು ಮೇಲೆ ಅಷ್ಟುದ್ದ ಮಾಡಿದೆನಲ್ಲ, ಅದು ಅವರ ಕುತ್ತಿಗೆಗೆ ಗೊತ್ತಿತ್ತು. ಆ ಸೌದೆಯನ್ನು ಮನೆಮಂದಿ ‘ಬಿಟ್ಟಿ’ ಎಂದು ಕರೆದರು. ಡೀಸೆಲ್ ಹಾಕತೊಡಗಿದ ದಿನದಿಂದ ಅದೇ ಸೌದೆಗೆ ಖರ್ಚು ಕಾಣಿಸಿತು, ಖರ್ಚಿನ ಹಿಂದೆಯೇ ಹೆಗ್ಗಳಿಕೆ ಬಂತು, ‘ನಾವು ಸೌದೆ ಮಾಡಿದೆವು’ ಎಂಬ ವಾಕ್ಯಕ್ಕೆ ಗಂಡಸು ಕರ್ತೃವಾದ. ಹೊರೆ ಅವಳ ತಲೆಯಿಂದ ಇಳಿದದ್ದು ಸುಳ್ಳಲ್ಲ. ಟ್ರೇಲರಿಗೆ ಆ ಪುಣ್ಯ ಸಲ್ಲಬೇಕು. ಆದರೆ ಯಂತ್ರ ವಹಿಸಿಕೊಂಡದ್ದು ಸದ್ದಿರುವ, ಊರಿಗೆ ಕಾಣುವ ಕೆಲಸವನ್ನು. ಒಟ್ಟುವುದು, ಮಳೆಯಲ್ಲಿ ಒಳಗೆ ತರುವುದು, ಹಸಿ ಚಕ್ಕೆಗೆ ಊದುಗೊಳವೆ ಹಚ್ಚಿ ಕಣ್ಣು ಕೆಂಪಾಗಿಸಿಕೊಳ್ಳುವುದು ಮೊದಲು ಯಾರದ್ದಾಗಿತ್ತೋ ಈಗಲೂ ಅವರದ್ದೇ. ಮೊದಲು ಮರ ಆರಿಸುತ್ತಿದ್ದವಳೇ ಒಲೆ ಹಚ್ಚುತ್ತಿದ್ದಳು, ಆರಿಸುವಾಗಲೇ ಒಲೆ ನೆನಪಿರುತ್ತಿತ್ತು. ಈಗ ಆರಿಸುವವನಿಗೆ ಟ್ರೇಲರ್ ಮಾತ್ರ ನೆನಪಿರುತ್ತದೆ.

ಗ್ಯಾಸು ಬಂದಿದೆ, ಈ ಚರ್ಚೆಯೇ ಹಳತು ಎನ್ನುವವರಿದ್ದಾರೆ. ಉಜ್ವಲಾ ಯೋಜನೆ 2016ರಲ್ಲೇ ಬಂತು, ಅಡುಗೆಮನೆಯಲ್ಲಿ ನೀಲಿ ಉರಿ ಎದ್ದಿತು, ನಿಜ. ಆದರೆ ಹಂಡೆಯನ್ನು ಯಾರೂ ಗ್ಯಾಸಿನ ಮೇಲಿಡಲಿಲ್ಲ. ಅಡಿಕೆ ಬೇಯಿಸುವ ಒಲೆಗೆ ಸಿಲಿಂಡರ್ ಜೋಡಿಸಿದರೆ ಅಡಿಕೆಯ ಜೊತೆ ತೋಟವನ್ನೂ ಮಾರಬೇಕು. ಸೋಲಾರ್ ಇದೆಯಲ್ಲ ಎಂದರೆ, ಜೂನಿನಿಂದ ಸೂರ್ಯನಿಗೆ ರಜೆ. ಗೀಸರ್ ಇದೆಯಲ್ಲ ಎಂದರೆ, ಮೊದಲ ಗಾಳಿಗೇ ಕರೆಂಟಿಗೆ ರಜೆ. ಹಾಗಾಗಿ ಒಲೆ ಉಳಿಯುತ್ತದೆ, ಉಳಿಯುವ ಒಲೆಯನ್ನೇ ಸುಧಾರಿಸಬೇಕು. ಇದನ್ನು ಹೇಳಿದವರಲ್ಲಿ ನಾನು ಮೊದಲಿಗನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಯ ಒಲೆಯ ಮುಂದೆ ಕೂತು ಲೆಕ್ಕ ಹಾಕಿತು. ಸಾದಾ ಒಲೆಯಲ್ಲಿ ಶಾಖದ ಹತ್ತರಲ್ಲಿ ಒಂದು ಪಾಲಷ್ಟೇ ಪಾತ್ರೆಗೆ, ಉಳಿದದ್ದು ಗೋಡೆಗೆ, ಮಾಡಿಗೆ, ಊದುವವಳ ಮುಖಕ್ಕೆ. ಅಲ್ಲಿಂದ ಬಂದದ್ದೇ ಹೊಗೆಕೊಳವೆಯ ಅಸ್ತ್ರ ಒಲೆ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡು ನಿಂತ ಅಪ್ಪಿಕೋ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂದು ಮೂರೇ ಮಾತಿನಲ್ಲಿ ಎಲ್ಲ ಹೇಳಿತು. ನಮ್ಮ ಟಿಲ್ಲರ್ ಪಕ್ಷ ಅದಕ್ಕೆ ‘ಸಾಗಿಸು’ ಎಂಬ ನಾಲ್ಕನೆಯದನ್ನು ಸೇರಿಸಿ, ಮೊದಲ ಮೂರನ್ನು ಮರೆಯಿತು. ಒಂದು ಹೊಸ ಒಲೆಯ ಖರ್ಚು ಟಿಲ್ಲರಿನ ಒಂದು ಜೊತೆ ಟಯರಿಗಿಂತ ಹೆಚ್ಚೇನಲ್ಲ. ಆದರೆ ಒಲೆಯನ್ನು ಊರ ಬೀದಿಯಲ್ಲಿ ಓಡಿಸಲು ಬರುವುದಿಲ್ಲವಲ್ಲ.

ಆದ್ದರಿಂದ ಟ್ರೇಲರ್ ಮಾರಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನನಗೇ ಸಂಕಟ. ಒಂದು ನಿಯಮ ಸಾಕು. ಒಂದೋ, ಹೊಗೆ ಯಾರ ಕಣ್ಣಿಗೆ ಹೋಗುತ್ತದೋ ಅವರೇ ಬೆಟ್ಟಕ್ಕೆ ಬಂದು ಯಾವ ಮರ, ಯಾವಾಗ, ಎಷ್ಟು ಎಂದು ಹೇಳಬೇಕು, ಚಾಲಕ ಬಾಯಿಮುಚ್ಚಿ ಹೇರಬೇಕು. ಇಲ್ಲವೇ, ಹೇರಿದವನೇ ಜುಲೈ ತಿಂಗಳ ಬೆಳಗಿನ ಐದಕ್ಕೆದ್ದು ತಾನು ತಂದ ಕುಂಟೆಯಿಂದಲೇ ಮನೆಮಂದಿಗೆಲ್ಲ ಹಂಡೆ ಕಾಯಿಸಬೇಕು. ಒಂದೇ ಮಳೆಗಾಲ ಇದು ಜಾರಿಯಾದರೂ ಮುಂದಿನ ಬೇಸಿಗೆಯಲ್ಲಿ ಬೆಟ್ಟದ ತುಂಬ ಸೀಳಿ ಒಟ್ಟಿದ ಚಕ್ಕೆಗಳು ಬಿಸಿಲು ಕಾಯಿಸುತ್ತಿರುತ್ತವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಎರಡರಲ್ಲಿ ಯಾವುದನ್ನು ಒಪ್ಪುತ್ತೀರಿ ಎಂದು ನಮ್ಮ ಪಕ್ಷದವರನ್ನು ಕೇಳಿದರೆ ಅವರು ಗಲ್ಲ ಕೆರೆದುಕೊಂಡು, ನ್ಯಾಯವಾಗಿ ಯೋಚಿಸಿ, ಮೂರನೆಯದೊಂದನ್ನು ಆರಿಸುತ್ತಾರೆ: ಇನ್ನೂ ಸ್ವಲ್ಪ ದೊಡ್ಡ ಟ್ರೇಲರ್.