ಗ್ಯಾರೇಜಿನಲ್ಲಿದ್ದರೆ ಅಡ್ಡಿಯಿಲ್ಲ

ಕಾರ್ಲ್ ಲಿಂಡ್ನರ್ ರೌಡಿಯಲ್ಲ. ಅವನ ಕೈಯಲ್ಲಿ ಕಲ್ಲಿಲ್ಲ, ಮುಖಕ್ಕೆ ಮುಸುಕಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ, ಜೊತೆಗೊಂದು ಬ್ರೀಫ್‌ಕೇಸು. ಕೂರಿ ಅಂದ ಮೇಲೆ ಕೂರುತ್ತಾನೆ. ಆಮೇಲೆ ಬಹಳ ಸಂಕೋಚದಿಂದ ವಿಷಯಕ್ಕೆ ಬರುತ್ತಾನೆ: ನೀವು ಕೊಂಡ ಮನೆಗೆ ದಯವಿಟ್ಟು ಬರಬೇಡಿ. ಬರದಿದ್ದರೆ ಕೊಟ್ಟದ್ದಕ್ಕಿಂತ ಹೆಚ್ಚೇ ಕೊಟ್ಟು ಕೊಳ್ಳುತ್ತೇವೆ. ಇದರಲ್ಲಿ ಬಣ್ಣದ ಮಾತೇ ಇಲ್ಲ, ಎಲ್ಲರ ನೆಮ್ಮದಿಯ ಮಾತು.

ಎಂಥ ಮರ್ಯಾದಸ್ಥ!

ಲೊರೇನ್ ಹ್ಯಾನ್ಸ್‌ಬರಿಯ ‘ಎ ರೈಸಿನ್ ಇನ್ ದಿ ಸನ್’ ನಾಟಕದ ಪಾತ್ರ ಇವನು. 1959ರಲ್ಲಿ ನಾಟಕ ಬ್ರಾಡ್‌ವೇ ಹತ್ತಿದಾಗ ಆಕೆಗೆ 28 ವರ್ಷ. ಕಪ್ಪು ಮಹಿಳೆ ಬರೆದ ನಾಟಕವೊಂದು ಅಲ್ಲಿಗೆ ಬಂದದ್ದೇ ಅದು ಮೊದಲು. ಅದಕ್ಕೂ ಮುಂಚೆ ಫಿಲಡೆಲ್ಫಿಯಾದ ಪ್ರದರ್ಶನಕ್ಕೆ ಎಫ್‌ಬಿಐ ಒಬ್ಬನನ್ನು ಕಳಿಸಿತ್ತು. ಒಂದು ಸಂಸಾರ ಮನೆ ಕೊಳ್ಳುವ ಕಥೆಯಲ್ಲಿ ಕಮ್ಯುನಿಸಂ ಎಲ್ಲಿ ಅಡಗಿದೆ ಅಂತ ಹುಡುಕಲು. ಸಿಗಲಿಲ್ಲವಂತೆ. ಪಾಪ, ಸಂಬಳ ದಂಡ.

ಕಥೆ ಇಷ್ಟೇ. ಶಿಕಾಗೋದ ಸೌತ್ ಸೈಡ್. ಇಕ್ಕಟ್ಟಾದ ಬಾಡಿಗೆ ಮನೆ, ಐದು ಜನ. ಹುಡುಗ ಸೋಫಾ ಮೇಲೆ ಮಲಗಬೇಕು. ಬಚ್ಚಲುಮನೆ ಹೊರಗಡೆ, ಪಕ್ಕದ ಮನೆಯವರಿಗೂ ಅದೇ. ಬೆಳಗಾದರೆ ಯಾರು ಮೊದಲು ಎಂಬ ಓಟ. ಯಜಮಾನ ದುಡಿದು ದುಡಿದು ಸತ್ತ. ವಿಮೆಯ 10,000 ಡಾಲರ್ ಬಂತು. ಮಗನಿಗೆ ಹೆಂಡದಂಗಡಿ ಹಾಕುವಾಸೆ. ಮಗಳಿಗೆ ಡಾಕ್ಟರಾಗುವಾಸೆ. ತಾಯಿ ಲೀನಾಗೆ ಹಿತ್ತಲಿರುವ ಮನೆಯಾಸೆ. ಆಕೆ 3,500 ಡಾಲರ್ ಮುಂಗಡ ಕಟ್ಟಿಯೇಬಿಟ್ಟಳು. ಕಟ್ಟಿದ್ದು ಲಿಂಡ್ನರನನ್ನು ಕಳಿಸಿದ ಬಿಳಿಯರ ಬಡಾವಣೆಯಲ್ಲಿ.

ಬಿಳಿಯರ ಪಕ್ಕ ಕೂರುವ ಚಪಲದಿಂದಲ್ಲ. ಕಪ್ಪು ಜನಕ್ಕೆಂದು ಊರಾಚೆ ಕಟ್ಟಿದ ಮನೆಗಳಿಗೆ ದುಪ್ಪಟ್ಟು ಬೆಲೆ. ಆಕೆ ಲೆಕ್ಕ ಹಾಕಿದಳು, ಅಷ್ಟೆ. ಅತ್ತ ಬಿಳಿಯರ ಗೋಳೇನು? ಇವರು ಬಂದರೆ ನಮ್ಮ ಮನೆಗಳ ಬೆಲೆ ಬಿದ್ದುಹೋಗುತ್ತದೆ! ದುಪ್ಪಟ್ಟು ಕೊಡುವವರು ಬಂದರೆ ಬೆಲೆ ಬೀಳುವ ಅರ್ಥಶಾಸ್ತ್ರ ಅದು. ದಲ್ಲಾಳಿಗಳಿಗೆ ಮಾತ್ರ ಇದು ಚೆನ್ನಾಗಿ ಅರ್ಥವಾಗಿತ್ತು. ಹೆದರಿದ ಬಿಳಿಯರಿಂದ ಕಾಸಿಗೆ ಕೊಂಡರು, ಗತಿಯಿಲ್ಲದ ಕಪ್ಪು ಜನಕ್ಕೆ ಬಾಯಿಗೆ ಬಂದ ಬೆಲೆಗೆ ಮಾರಿದರು.

ಈಗ ಇಂಥ ಬಡಾವಣೆಗಳ ಮಾಲೀಕರು ಸಹಿ ಹಾಕುತ್ತಿದ್ದ ಕರಾರುಪತ್ರ ನೋಡಿ. ಶಿಕಾಗೋದ ರಿಯಲ್ ಎಸ್ಟೇಟ್ ಮಂಡಳಿ 1927ರಲ್ಲಿ ಒಂದು ಮಾದರಿ ಸಿದ್ಧಮಾಡಿಕೊಟ್ಟಿತು. ಈ ಆಸ್ತಿಯನ್ನು ಕಪ್ಪು ಜನಕ್ಕೆ ಮಾರಕೂಡದು, ಬಾಡಿಗೆಗೆ ಕೊಡಕೂಡದು, ಅವರು ಇಲ್ಲಿ ವಾಸಿಸಕೂಡದು. ಆದರೆ ಒಂದು ವಿನಾಯಿತಿ. ಮನೆಗೆಲಸದವರು, ಜಾಡಮಾಲಿಗಳು, ಡ್ರೈವರುಗಳು ನೆಲಮಾಳಿಗೆಯಲ್ಲೋ ಹಿಂದಿನ ಗ್ಯಾರೇಜಿನಲ್ಲೋ ಇರಬಹುದು.

ನಾಟಕದಲ್ಲಿ ಮಗ ವಾಲ್ಟರ್ ಡ್ರೈವರ್. ಅತ್ತೆ, ಸೊಸೆ ಇಬ್ಬರದೂ ಬಿಳಿಯರ ಮನೆಗೆಲಸ. ಅಂದರೆ ಇಡೀ ಸಂಸಾರ ಆ ಕರಾರಿನ ಪ್ರಕಾರ ಗ್ಯಾರೇಜಿಗೆ ಅರ್ಹ! ಅವರ ಕೈಯ ಅಡುಗೆ ಉಣ್ಣಬಹುದು, ಮಗುವನ್ನು ಅವರ ಸೊಂಟಕ್ಕೇರಿಸಬಹುದು. ಅವರು ಕ್ರಯಪತ್ರ ಹಿಡಿದು ಮುಂಬಾಗಿಲಿಗೆ ಬಂದರೆ ಮಾತ್ರ ಬಡಾವಣೆಯ ಸಂಸ್ಕೃತಿ ಹಾಳು.

ಹ್ಯಾನ್ಸ್‌ಬರಿ ಇದನ್ನು ಕುರ್ಚಿಯಲ್ಲಿ ಕೂತು ಕಲ್ಪಿಸಿದ್ದಲ್ಲ. ಆಕೆಯ ಅಪ್ಪ ಕಾರ್ಲ್ ಹ್ಯಾನ್ಸ್‌ಬರಿ 1937ರಲ್ಲಿ ಇಂಥದೇ ಬಡಾವಣೆಯಲ್ಲಿ ಮನೆ ಕೊಂಡ. ಗುಂಪು ಸೇರಿತು. ಕಿಟಕಿ ಒಡೆದು ಬಂದ ಇಟ್ಟಿಗೆ ಪುಟ್ಟ ಲೊರೇನಳ ತಲೆಗೆ ಸ್ವಲ್ಪದರಲ್ಲಿ ತಪ್ಪಿತು. ಅಪ್ಪ ಕೋರ್ಟಿಗೆ ಅಲೆಯುತ್ತಿದ್ದರೆ ಅಮ್ಮ ರಾತ್ರಿಯೆಲ್ಲ ಪಿಸ್ತೂಲು ಹಿಡಿದು ಮನೆ ಕಾದಳು.

ಕೋರ್ಟಿನ ಪ್ರಹಸನ ಇನ್ನೂ ರುಚಿ. ಕರಾರು ಜಾರಿಗೆ ಬರಲು ಶೇ. 95ರಷ್ಟು ಮಾಲೀಕರ ಸಹಿ ಬೇಕಿತ್ತು. ಬಿದ್ದಿದ್ದು ಸುಮಾರು ಶೇ. 54. ಆದರೂ ಹಳೆಯ ದಾವೆಯೊಂದರಲ್ಲಿ 95 ಆಗಿದೆ ಅಂತ ಒಪ್ಪಿಕೊಂಡುಬಿಟ್ಟಿದ್ದರು. ಅದು ಸುಳ್ಳು ಅಂತ ಗೊತ್ತಾದ ಮೇಲೂ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್, ಹಳೆಯ ತೀರ್ಪು ತೀರ್ಪೇ ಎಂದಿತು. 1940ರಲ್ಲಿ ದೇಶದ ಸುಪ್ರೀಂ ಕೋರ್ಟ್ ಹ್ಯಾನ್ಸ್‌ಬರಿಯನ್ನು ಗೆಲ್ಲಿಸಿತು. ಹಳೆಯ ದಾವೆಯಲ್ಲಿ ಪಕ್ಷಗಾರನೇ ಅಲ್ಲದವನನ್ನು ಅದರ ತೀರ್ಪು ಕಟ್ಟಿಹಾಕದು ಎಂಬ ತಾಂತ್ರಿಕ ಕಾರಣಕ್ಕೆ. ಕರಾರು ತಪ್ಪೋ ಸರಿಯೋ? ಆ ಗೊಡವೆಗೇ ಹೋಗಲಿಲ್ಲ.

ಇಂಥ ಕರಾರುಗಳನ್ನು ಉಳಿಸಿಕೊಳ್ಳಲು ದುಡ್ಡು ಕೊಟ್ಟವರ ಪಟ್ಟಿಯಲ್ಲಿ ಶಿಕಾಗೋ ವಿಶ್ವವಿದ್ಯಾಲಯವೂ ಇತ್ತು. ತರಗತಿಯಲ್ಲಿ ಸಮಾಜಶಾಸ್ತ್ರ, ಬೀದಿಯಲ್ಲಿ ಬೇಲಿ. ಗೆದ್ದ ಅಪ್ಪ ಈ ದೇಶದ ಸಹವಾಸವೇ ಸಾಕೆಂದು ಮೆಕ್ಸಿಕೋದಲ್ಲಿ ನೆಲೆಸಲು ಹೊರಟ. 1946ರಲ್ಲಿ ಅಲ್ಲೇ ತೀರಿಕೊಂಡ.

1948ರಲ್ಲಿ ಇಂಥ ಕರಾರನ್ನು ಕೋರ್ಟುಗಳು ಜಾರಿಮಾಡುವಂತಿಲ್ಲ ಎಂಬ ತೀರ್ಪು ಬಂತು. ಲಿಂಡ್ನರ್ ಹುಟ್ಟಿದ್ದೇ ಆಗ. ಅಮೀನನನ್ನು ಕಳಿಸುವ ದಾರಿ ಮುಚ್ಚಿತಲ್ಲ, ಇನ್ನು ಬ್ರೀಫ್‌ಕೇಸು ಕಳಿಸಬೇಕು. ಮಾತು ಮೃದುವಾಯಿತು. ಬೇಲಿ ಒಂದಿಂಚೂ ಸರಿಯಲಿಲ್ಲ.

ನ್ಯೂಯಾರ್ಕಿನ ವಿಮರ್ಶಕರು ನಾಟಕಕ್ಕೆ ಆ ವರ್ಷದ ಪ್ರಶಸ್ತಿ ಕೊಟ್ಟರು. ಸಂಸಾರ ಲಿಂಡ್ನರನ ದುಡ್ಡು ಒದ್ದು ಮನೆ ಬದಲಾಯಿಸುತ್ತದಲ್ಲ, ಸುಖಾಂತ ಅಂತ ಕಣ್ಣೊರೆಸಿಕೊಂಡವರೂ ಇದ್ದರು. ಆ ಸಂಸಾರ ಹೊರಟದ್ದು ಇಟ್ಟಿಗೆ ಬೀಳುವ ಕಿಟಕಿಗಳ ಕಡೆಗೆ. ಲೇಖಕಿಗೆ ಅದು ಗೊತ್ತಿತ್ತು. ಚಪ್ಪಾಳೆ ತಟ್ಟಿದವರಿಗೂ ಗೊತ್ತಿರಬೇಕು. ಅದೇ ನ್ಯೂಯಾರ್ಕಿನ ಹೊರಗೆ ಸರ್ಕಾರದ ಸಾಲದ ಭರವಸೆಯಲ್ಲಿ ಎದ್ದ ಲೆವಿಟೌನ್ ಬಡಾವಣೆ ಶುರುವಾದದ್ದೇ ಬಿಳಿಯರಿಗೆ ಮಾತ್ರ ಎಂಬ ಷರತ್ತಿನಲ್ಲಿ.

1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ಶಿಕಾಗೋದಲ್ಲಿ ಮನೆಯ ಹಕ್ಕಿಗಾಗಿ ನಡೆದಾಗ ತಲೆಗೆ ಕಲ್ಲು ಬಿತ್ತು. 1968ರಲ್ಲಿ ಅವರನ್ನು ಕೊಂದ ಒಂದು ವಾರಕ್ಕೆ ವಸತಿ ತಾರತಮ್ಯ ನಿಷೇಧದ ಕಾಯ್ದೆಗೆ ಸಹಿ ಬಿತ್ತು. ಎಂಥ ಚುರುಕುತನ.

ನಮ್ಮವರು ಅಮೆರಿಕಕ್ಕೆ ಗುಂಪುಗುಂಪಾಗಿ ಹೋಗಿದ್ದು ಆಮೇಲೆ. ಬಾಗಿಲು ತೆರೆದ 1965ರ ವಲಸೆ ಕಾಯ್ದೆಯೂ ಅದೇ ಹೋರಾಟದ ಕಾಲದ್ದೇ. ಇಂದು ಶಿಕಾಗೋ ಸುತ್ತಲಿನ ಉಪನಗರಗಳಲ್ಲಿ ಕನ್ನಡಿಗರ ಸ್ವಂತ ಮನೆಗಳಿವೆ, ಹಿತ್ತಲಿವೆ. ಸಂತೋಷ. ಮನೆ ನೋಡಲು ಹೊರಟಾಗ ನಮ್ಮವರು ಏಜೆಂಟನನ್ನು ಕೇಳುವುದೇನು? ‘ಏರಿಯಾ ಹೇಗೆ, ಜನ ಎಂಥವರು?’ ಏಜೆಂಟ್ ಬಾಯಿಬಿಡುವಂತಿಲ್ಲ, ಕಾನೂನು. ಬದಲಿಗೆ ಸ್ಕೂಲಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಫೋನಿನಲ್ಲಿ ತೋರಿಸುತ್ತಾನೆ. ಅಷ್ಟಕ್ಕೇ ಇವರಿಗೆ ಎಲ್ಲ ಅರ್ಥವಾಗುತ್ತದೆ.